ಇನ್ನೂರನೆಯ ಹಾಜರಿ

ನನ್ನ ಪಾಠದ ಕೀರ್ತಿ ಕೇಳಿ ಕಾಲೇಜಿಗೆ ಸೇರಿದ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ನಾನು ನೌಕರಿಯುದ್ದಕ್ಕೂ ಕಂಡಿಲ್ಲ. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು. ಒಪ್ಪಿಸಿದವರು ನಮ್ಮ ಕಾಲೇಜಿನ ಆಟದ ಮಾಸ್ತರು. ಮೊನ್ನೆ ಕಲಾದಗಿ ಕಡೆಯಿಂದ ಬಂದವರೊಬ್ಬರು ಚಹಾ ಕುಡಿಯುತ್ತ ಕುಡಿಯುತ್ತ, "ನಿಮ್ಮ ಆಟದ ಮಾಸ್ತರು ತೀರಿಕೊಂಡ್ರಂತಲ್ರಿ" ಎಂದರು. ನಾನು ನಂಬಲಿಲ್ಲ. ಜೂನ್ ತಿಂಗಳು, ಅಡ್ಮಿಶನ್ನಿನ ಕಾಲ. ಆ ಮನುಷ್ಯ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಹುಡುಗರನ್ನು ಹಿಡಿಯುತ್ತ ಕೂತಿರಬೇಕು ಎಂದೇ ತಲೆಗೆ ಹೊಳೆಯಿತು. ಆಮೇಲೆ ಬಸಿಯಲ್ಲಿದ್ದ ಚಹಾ ಆರಿಹೋಯಿತು.

ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಹುನಗುಂದ–ಇಳಕಲ್ಲ ರಸ್ತೆಯ ಬದಿಯ ಒಂದು ಕಾಲೇಜಿಗೆ ಕನ್ನಡ ಕಲಿಸಲು ಬಂದೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿದರೆ ಈಗಿನವರು ಜಗಳಕ್ಕೆ ಬರುತ್ತಾರೆ. ಆಗ ಅದು ಹಳೆಯ ಹತ್ತಿ ಗೋದಾಮಿನಲ್ಲಿ ನಡೆಯುತ್ತಿತ್ತು. ಹಳಗನ್ನಡ ಓದಲು ಬಾಯಿ ದೊಡ್ಡದಾಗಿ ತೆರೆದರೆ ಹತ್ತಿಯ ಎಳೆ ಒಳಗೆ ಹೋಗುತ್ತಿತ್ತು. ಸೇರಿದ ಮೊದಲ ದಿನವೇ ಪಾಠ ಮುಗಿಸಿ ಹೊರಗೆ ಬಂದರೆ, ಬಾಗಿಲಲ್ಲಿ ಗಿಡ್ಡ, ಅಗಲ ಎದೆಯ ಒಬ್ಬ ಮನುಷ್ಯ ಕೈ ಚಾಚಿ ನಿಂತಿದ್ದರು. ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಕಿವಿ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸೀಟಿ.

"ಸರ, ಉಳದಿದ್ದ ಖಡು ಕೊಡ್ರಿ."

ಬರೆದು ಉಳಿದ ಸುಣ್ಣದ ಕಡ್ಡಿಯ ಚೂರುಗಳನ್ನು ಕೊಟ್ಟೆ. ಅವರು ಎಲ್ಲ ಕ್ಲಾಸುಗಳಿಂದ ಹೀಗೆ ಚೂರು ಆಯ್ದು, ಅರೆದು, ನೀರಲ್ಲಿ ಕಲಸಿ, ಅರ್ಧದಿಂದ ಮೈದಾನದ ಗೆರೆ ಎಳೆಯುತ್ತಿದ್ದರು, ಉಳಿದರ್ಧವನ್ನು ತಮ್ಮ ಕ್ಯಾನ್ವಾಸ್ ಬೂಟಿಗೆ ಬಳಿಯುತ್ತಿದ್ದರು. ನಾನು ಹಲಗೆಯ ಮೇಲೆ ಕಡಿಮೆ ಬರೆದ ದಿನ ಗೆರೆ ದಪ್ಪ. "ನೀವು ಬಾಯಿಲೇ ಹೇಳ್ರಿ ಸರ, ಬರೀಬ್ಯಾಡ್ರಿ, ನಾಳೆ ಮ್ಯಾಚ್ ಐತಿ" ಎಂದು ಎಷ್ಟೋ ಸಲ ಬಂದು ಬೇಡಿದ್ದುಂಟು. ಆ ಮೊದಲ ದಿನ ಚೂರುಗಳನ್ನು ಕಿಸೆಗೆ ಇಳಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಂಗೈ ಹಿಡಿದು ಅಳೆದು, "ಖೋ ಖೋಕ್ಕ ಛಲೋ ಇದ್ರಿ ಸರ. ನಮ್ಮ ಕೈಗೆ ಸಿಗೂದ ಭಾಳ ತಡಾ ಆತು" ಎಂದು ನಿಟ್ಟುಸಿರು ಬಿಟ್ಟರು.

ತಡವಾಗುವುದರ ಬಗ್ಗೆ ಅವರಿಗೊಂದು ಕಟ್ಟಳೆ ಇತ್ತು. ಮುಂಜಾನೆ ಹಾಜರಿ ಕರೆದ ಮೇಲೆ ಯಾರೇ ಬಂದರೂ ಬೇವಿನ ಮರ ಸುತ್ತಿಕೊಂಡು ಮೈದಾನಕ್ಕೆ ಒಂದು ಸುತ್ತು ಓಡಬೇಕು. ಆಡಳಿತ ಮಂಡಳಿಯ ಚೇರಮನ್ನರ ಮಗನೂ ಓಡಿದ್ದ. "ತಡಾ ಆದವಗ ಬೈಬಾರದ್ರಿ. ಬೈದ್ರ ಮನಿಗೆ ಹೋಗಿ ಮರುದಿನ ಬರಂಗಿಲ್ಲ. ಓಡಿಸಿದ್ರ ಹಸದು ಹೋಗ್ತಾನ, ಎರಡು ರೊಟ್ಟಿ ಹೆಚ್ಚಿಗಿ ತಿಂದು ಬರ್ತಾನ" ಎನ್ನುತ್ತಿದ್ದರು.

ಊರ ಹುಡುಗರಿಗೆಲ್ಲ ಇಷ್ಟು ಗಟ್ಟಿ ಮನುಷ್ಯನಾದರೂ, ಕಾಗದದ ಮೇಲೆ ಅವರು ಇರಲೇ ಇಲ್ಲ. ಅವರದು ಟೆಂಪರರಿ ಕೆಲಸ. ಜುಲೈದಲ್ಲಿ ಒಂದು ಆರ್ಡರು, ಮಾರ್ಚಿಗೆ ಅದು ಮುಗಿಯುವುದು. ಏಪ್ರಿಲ್‌ನಿಂದ ಜೂನ್‌ವರೆಗೆ ಅವರು ಕಾಲೇಜಿಗೆ ಏನೂ ಅಲ್ಲ. ಅಷ್ಟು ಸಣ್ಣ ಕಾಲೇಜಿಗೆ ಆಟದ ಕಾಯಂ ಹುದ್ದೆಯನ್ನು ಸರಕಾರ ಕೊಡುತ್ತಿರಲಿಲ್ಲ. ಚೇರಮನ್ನರು ಎಲ್ಲರೆದುರು ಮಾತು ಕೊಟ್ಟಿದ್ದರು: "ಮಾಸ್ತರ, ಹಾಜರಿ ಪುಸ್ತಕದಾಗ ಇನ್ನೂರು ಹೆಸರು ಆಗ್ಲಿ. ಹುದ್ದೇ ತರಸ್ತೇನಿ, ನಿನ್ನ ಕಾಯಂ ಮಾಡಸ್ತೇನಿ." ಆದ್ದರಿಂದ ಏನೂ ಅಲ್ಲದ ಆ ಮೂರು ತಿಂಗಳೇ ಅವರು ಹೆಚ್ಚು ದುಡಿಯುತ್ತಿದ್ದದ್ದು.

ಜೂನ್ ಬಂತೆಂದರೆ ನಮ್ಮನ್ನೆಲ್ಲ ಇಬ್ಬಿಬ್ಬರಂತೆ ಹಳ್ಳಿಗಳಿಗೆ ಅಟ್ಟುತ್ತಿದ್ದರು, ವಿದ್ಯಾರ್ಥಿಗಳನ್ನು ತರಲು. ನನಗೆ ಜೋಡಿ ಸಿಕ್ಕವರು ಆಟದ ಮಾಸ್ತರು. ಆ ವರ್ಷ ನಮ್ಮ ಹುಡುಗರು ಅಂತರ ಕಾಲೇಜು ಕಬಡ್ಡಿಯಲ್ಲಿ ಗೆದ್ದಿದ್ದರು. ಗೆದ್ದವರಿಗೆ ಒಂದು ವರ್ಷ ಇಟ್ಟುಕೊಳ್ಳಲು ಕೊಡುವ ಢಾಲು, ಎಂದರೆ ದೊಡ್ಡ ಶೀಲ್ಡು, ನಮ್ಮಲ್ಲಿತ್ತು. ನಡುವೆ ಹಿತ್ತಾಳೆಯ ಹುಲಿಮುಖ, ಸುತ್ತ ವರ್ಷಕ್ಕೊಂದರಂತೆ ಗೆದ್ದ ಕಾಲೇಜಿನ ಹೆಸರು ಕೆತ್ತಿದ ಸಣ್ಣ ಬಿಲ್ಲೆಗಳು. ಮಾಸ್ತರು ಅದನ್ನು ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಡಕಿಯ ಸೀಟು ಕೊಟ್ಟು ಕೂಡಿಸಿದರು. ಕಂಡಕ್ಟರ್ ಬಂದು, "ಇದಕ್ಕ ಟಿಕೀಟ?" ಎಂದ.

"ಇದು ಉಣ್ಣಂಗಿಲ್ಲ, ಉಗುಳಂಗಿಲ್ಲ, ನಿನ್ನ ಕೂಡ ಚಿಲ್ಲರಿಗೆ ಜಗಳಾ ಆಡಂಗಿಲ್ಲ. ಇದಕ್ಯಾಕಪಾ ಟಿಕೀಟ?"

ಕಂಡಕ್ಟರ್ ನಕ್ಕು ಮುಂದೆ ಹೋದ. ಅವನ ತಮ್ಮ ಮುಂದಿನ ತಿಂಗಳು ನಮ್ಮಲ್ಲಿ ಬಿ.ಎ.ಗೆ ಸೇರಿದ.

ಹಳ್ಳಿಯ ಕಟ್ಟೆಯಲ್ಲಿ ಮೊದಲು ನನ್ನ ಭಾಷಣ. ಜ್ಞಾನ, ಬೆಳಕು, ಶರಣರ ನುಡಿ ಎಂದೆಲ್ಲ ಅರ್ಧ ತಾಸು ಮಾತಾಡಿದೆ. ಹಿರಿಯರು ಗೌರವದಿಂದ ಕೇಳಿದರು. ಒಬ್ಬರು ಗೌರವದಿಂದಲೇ ನಿದ್ದೆ ಮಾಡಿದರು. ಆಮೇಲೆ ಮಾಸ್ತರು ಒಂದೂ ಮಾತಿಲ್ಲದೆ ಖಣದ ಗಂಟು ಬಿಚ್ಚಿ ಢಾಲನ್ನು ಬಿಸಿಲಿಗೆ ಹಿಡಿದರು. ನಿದ್ದೆ ಮಾಡುತ್ತಿದ್ದವರು ಎದ್ದರು. ಮುಟ್ಟಿ ನೋಡಿದರು, ತೂಕ ನೋಡಿದರು, ಒಬ್ಬ ಅಜ್ಜಿ ಮನೆಗೆ ಹೋಗಿ ಕುಂಕುಮ ತಂದು ಹುಲಿಯ ಹಣೆಗೆ ಹಚ್ಚಿದಳು.

"ನನ್ನ ಮಗಗ ಆಟ ಬರಂಗಿಲ್ರಿ, ಸಣಕಲ ಅದಾನ" ಎಂದ ಒಬ್ಬ ತಂದೆ.

"ಬರೂದು ಬ್ಯಾಡ ಬಿಡ್ರಿ. ಆಡೋರು ಹನ್ನೆರಡ ಮಂದಿ ಸಾಕು. ಚಪ್ಪಾಳಿ ಹೊಡ್ಯಾಕ ಯಾರು ಬೇಕಲ್ರಿ? ಕಾಲೇಜು ನಡ್ಯೂದು ಚಪ್ಪಾಳಿ ಹೊಡ್ಯೋರ ಮ್ಯಾಲ."

ಆ ಕಟ್ಟೆಯಿಂದ ಆರು ಹುಡುಗರು ಬಂದರು. ಸಂಜೆ ಬಸ್ಸಿನಲ್ಲಿ ನಾನು ಮೋರೆ ದಪ್ಪ ಮಾಡಿಕೊಂಡು ಕೂತಿದ್ದೆ. ಅವರು ಸಮಾಧಾನ ಮಾಡಿದರು: "ನಿಮ್ಮ ಭಾಷಣ ಬೇಕ ಬೇಕ್ರಿ ಸರ. ಮಂದಿ ಬ್ಯಾಸತ್ತಿದ್ರನ ಢಾಲು ಹೊಳೀತೈತಿ."

ಮರುವರ್ಷ ಎಡವಟ್ಟಾಯಿತು. ಫೈನಲ್‌ನಲ್ಲಿ ಒಂದೇ ಒಂದು ಅಂಕದಿಂದ ಸೋತೆವು, ಢಾಲು ಬಾಗಲಕೋಟೆಯ ಕಾಲೇಜೊಂದಕ್ಕೆ ಹೋಯಿತು. ಜೂನ್ ಬಂದರೆ ತೋರಿಸಲು ಏನೂ ಇಲ್ಲ. ಈ ಸಲ ಬಾದಾಮಿ ಕಡೆಯ ಹಳ್ಳಿಗಳು ನಮ್ಮ ಪಾಲಿಗೆ. ಬರೀ ನನ್ನ ಭಾಷಣ ನೆಚ್ಚಿ ಹೋಗುವುದೆಂದರೆ ಹೇಗೆ ಎಂದು ಪ್ರಿನ್ಸಿಪಾಲರೇ ಚಿಂತೆಗೆ ಬಿದ್ದರು. ಹೊರಡುವ ಮುಂಜಾನೆ ನೋಡಿದರೆ ಮಾಸ್ತರ ಕಂಕುಳಲ್ಲಿ ಅದೇ ಖಣದ ಗಂಟು!

"ಏನಿದು ಮಾಸ್ತರೇ? ಅದು ಬಾಗಲಕೋಟೆಯಲ್ಲಿ ಇಲ್ಲವೇ?"

"ಎರವಲು ತಂದೇನ್ರಿ. ಅಲ್ಲಿ ಆಟದ ಮಾಸ್ತರು ನಾವು ಒಂದ ಗರಡ್ಯಾಗ ಮಣ್ಣು ಹಚಗೊಂಡವರು. ಹದಿನೈದು ದಿನಕ್ಕ ಕೊಟ್ಟಾನ. ಒಂದ ಕರಾರು ಐತಿ, ಬಾಗಲಕೋಟಿ ಸುತ್ತ ಐದು ಹರದಾರಿ ಗಂಟು ಬಿಚ್ಚಬಾರದು."

"ಇದು ಮೋಸ ಅಲ್ಲವೇ?"

ಮಾಸ್ತರಿಗೆ ನನ್ನ ದಡ್ಡತನ ಕಂಡು ಕನಿಕರ ಬಂತು. "ಸರ, ಕನ್ಯಾ ನೋಡಾಕ ಬೀಗರು ಬಂದಾಗ ಬಾಜೂ ಮನಿ ಬಂಗಾರದ ಬೋರಮಾಳ ತಂದು ಹುಡಿಗಿ ಕೊಳ್ಳಿಗೆ ಹಾಕ್ತಾರಿಲ್ರಿ? ಅದಕ್ಕ ಮೋಸ ಅಂತಾರೇನು? ನಿಮ್ಮ ಮನ್ಯಾಗೂ ಹಾಕಿರಬೇಕು ತಗೀರಿ." ನಮ್ಮ ಮನೆಯಲ್ಲೂ ಹಾಕಿದ್ದರು. ಅಕ್ಕನ ನಿಶ್ಚಯದ ದಿನದ ಬಂಗಾರ, ಬೆಳ್ಳಿ ತಂಬಿಗೆ, ಎರಡು ಕುರ್ಚಿ, ಎಲ್ಲ ಓಣಿಯವರವೇ. ನಾನು ಬಸ್ಸು ಹತ್ತಿದೆ.

ಬನಶಂಕರಿಯ ಆಚೆಗಿನ ಒಂದು ಹಳ್ಳಿ. ಭಾಷಣ ಆಯಿತು, ಗಂಟು ಬಿಚ್ಚಿತು, ಢಾಲು ಹೊಳೆಯಿತು. ಹೊಸ ಬಿಲ್ಲೆಯ ಮೇಲೆ ಮಾತ್ರ ಖಣದ ಅಂಚು ಆಕಸ್ಮಿಕವಾಗಿ ಎಂಬಂತೆ ಬಿದ್ದಿತ್ತು. ಅಷ್ಟರಲ್ಲಿ ಗುಂಪಿನೊಳಗಿಂದ ಒಬ್ಬ ಹಿರಿಯರು ಕೋಲೂರಿಕೊಂಡು ಮುಂದೆ ಬಂದರು. ನಿವೃತ್ತ ಪೋಸ್ಟ್ ಮಾಸ್ತರು, ಊರವರ ಬಾಯಲ್ಲಿ ಪೋಸ್ಟಿನಜ್ಜ. ಮೂವತ್ತು ವರ್ಷ ಪರರ ಕಾಗದದ ವಿಳಾಸ ಓದಿದ ಕಣ್ಣು. ಅಕ್ಷರ ಕಂಡಲ್ಲಿ ಸುಮ್ಮನಿರಲು ಅದಕ್ಕೆ ಬಾರದು. ಚಾಳೀಸು ಏರಿಸಿ ಒಂದೊಂದೇ ಬಿಲ್ಲೆಯನ್ನು ಗಟ್ಟಿಯಾಗಿ ಓದತೊಡಗಿದರು. ನಮ್ಮ ಕಾಲೇಜಿನ ಹೆಸರು ಬಂತು. ಜನ ಭೇಷ್ ಎಂದರು. ಅಜ್ಜ ನಿಲ್ಲಲಿಲ್ಲ. ಬೆರಳ ತುದಿಯಿಂದ ಖಣದ ಅಂಚು ಸರಿಸಿದರು.

"ಮುಂದಿಂದು ಬ್ಯಾರೆ ಕಾಲೇಜಿಂದಲ್ರಿ? ಬಾಗಲಕೋಟಿದು?"

ನಾನು ಓಡಲು ದಾರಿ ಯಾವ ಕಡೆ ಇದೆ ಎಂದು ನೋಡಿಕೊಂಡೆ. ಮುಂಗೈ ಅಳೆದವರ ಮಾತು ಪರೀಕ್ಷೆಗೆ ಬರುವ ಕಾಲ ಬಂತೆನಿಸಿತು. ಮಾಸ್ತರು ಕದಲಲಿಲ್ಲ. ಕೈ ಮುಗಿದರು.

"ಖರೇ ಐತ್ರಿ ಯಜಮಾನ್ರ. ಈ ವರ್ಷ ನಾವು ಸೋತೇವಿ. ಒಂದ ಪಾಯಿಂಟಿಲೆ. ಇದು ಎರವಲು ತಂದದ್ದು. ಮುಚ್ಚಿಟ್ಟಿದ್ದು ನಂದ ತಪ್ಪು, ಈ ಸರಂದಲ್ಲ. ಇವರಿಗೆ ಸುಳ್ಳ ಹೇಳಾಕ ಬರಂಗಿಲ್ರಿ, ಬಂದಿದ್ರ ಇವರ ಭಾಷಣ ಇನ್ನಾ ಛಲೋ ಆಕ್ಕಿತ್ತು."

 ಪೋಸ್ಟಿನಜ್ಜ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. "ಬಂಗಾರ ಎರವಲದು ಅಂತ ಕನ್ಯಾದವರ ಬಾಯಿಲೇ ನಾ ಇವತ್ತ ಕೇಳಿದೆ ನೋಡ್ರಿ! ಎಂಬತ್ತು ವರ್ಷದಾಗ ಮೊದಲ ಸಲ. ಮಾಸ್ತರ, ನನ್ನ ಮೊಮ್ಮಗಳು ಪಿ.ಯು.ಸಿ. ಪಾಸಾಗ್ಯಾಳ. ಇಳಕಲ್ಲಾಗ ಆಕಿ ಸೋದರಮಾವನ ಮನಿ ಐತಿ. ನಿಮ್ಮ ಕಾಲೇಜಿಗೆ ಹಚ್ಚತೇನಿ. ಸೋತದ್ದು ಹೇಳಾವ ಹುಡುಗ್ಯಾರನ್ನ ಛಲೋ ನೋಡ್ಕೋತಾನ."

ಹೀಗೆ ಮಹಾದೇವಿ ನಮ್ಮ ಕಾಲೇಜಿಗೆ ಬಂದಳು. ನಮ್ಮ ಗುಮಾಸ್ತರು ಇಡೀ ಕಾಲೇಜಿಗೆ ಒಂದೇ ಸಾಲಾಗಿ ಹಾಜರಿ ಸಂಖ್ಯೆ ಕೊಡುತ್ತಿದ್ದರು. ಅವಳದು ನೂರಾ ತೊಂಬತ್ತೊಂಬತ್ತು.

ಇನ್ನೊಂದು! ಅಡ್ಮಿಶನ್ ಮುಗಿಯುವ ದಿನ ಸಂಜೆ ನಾಲ್ಕಾದರೂ ಆ ಒಂದು ಬರಲಿಲ್ಲ. ಮಾಸ್ತರು ಬಸ್ ಸ್ಟ್ಯಾಂಡಿಗೆ ನಾಲ್ಕು ಸಲ ಹೋಗಿಬಂದರು. ಅಂಚೆಯಣ್ಣನನ್ನು, ಹೋಟೆಲಿನ ಮಾಣಿಯನ್ನು, ಎಮ್ಮೆ ಕಾಯುತ್ತಿದ್ದವನನ್ನು ಕಾಲೇಜಿಗೆ ಸೇರುತ್ತೀಯಾ ಎಂದು ಕೇಳಿದರು. ಐದಕ್ಕೆ ಐದು ನಿಮಿಷವಿದ್ದಾಗ ಗುಮಾಸ್ತರ ಮುಂದೆ ನಿಂತು, ಒಂದು ಫಾರ್ಮು ಎಳೆದುಕೊಂಡು, ತಮ್ಮ ಹೆಸರನ್ನೇ ಬರೆದರು. ಕುಸ್ತಿಯ ಪುಣ್ಯದಿಂದ ಒಂದು ಕಾಲಕ್ಕೆ ಪಿ.ಯು.ಸಿ. ಪಾಸಾಗಿದ್ದರು, ಮುಂದೆ ಓದಿರಲಿಲ್ಲ.

ಪ್ರಿನ್ಸಿಪಾಲರು ತಲೆ ಹಿಡಿದುಕೊಂಡರು. "ನೌಕರಿಯಲ್ಲಿರುವವರು ವಿದ್ಯಾರ್ಥಿ ಆಗುವುದು ಹೇಗೆ?"

"ನನ್ನ ಆರ್ಡರು ಮಾರ್ಚಿಗೆ ಮುಗದೈತ್ರಿ. ಹೊಸಾದು ಇನ್ನ ಬಂದಿಲ್ಲ. ಇವತ್ತಿನ ಮಟ್ಟಿಗೆ ನಾ ಯಾರೂ ಅಲ್ಲ. ಯಾರೂ ಅಲ್ಲದಾವ ಕಲಿಯಾಕ ಬಂದ್ರ ಬ್ಯಾಡ ಅಂತೀರೇನ್ರಿ?"

ಪ್ರಿನ್ಸಿಪಾಲರು ಕಾಯ್ದೆ ಪುಸ್ತಕವನ್ನು ಹಿಂದು ಮುಂದು ಮಾಡಿ ಹುಡುಕಿದರು. ಆಟದ ಮಾಸ್ತರು ಬಿ.ಎ. ಕಲಿಯಬಾರದೆಂದು ಎಲ್ಲೂ ಬರೆದಿರಲಿಲ್ಲ. ಹಾಗೆ ಯಾರಾದರೂ ಮಾಡಿಯಾರು ಎಂದು ಕಾಯ್ದೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಕಷ್ಟ ಬಂದದ್ದು ನನಗೆ. ನನಗಿಂತ ಹತ್ತು ವರ್ಷ ದೊಡ್ಡವರು ನನ್ನ ಕ್ಲಾಸಿನ ಕಡೆಯ ಬೆಂಚಿನಲ್ಲಿ ಕೈ ಕಟ್ಟಿ ಕೂತರು. ಹೆಸರು ಹಿಡಿದು ಕರೆಯಲು ಬಾಯಿ ಬಾರದೆ, ಅವರೊಬ್ಬರಿಗಾಗಿ ಇಡೀ ಕ್ಲಾಸಿಗೆ ಸಂಖ್ಯೆಯಿಂದ ಹಾಜರಿ ಕರೆಯತೊಡಗಿದೆ. "ನೂರಾ ತೊಂಬತ್ತೊಂಬತ್ತು" ಎಂದರೆ ಮಹಾದೇವಿಯ ಸಣ್ಣ ದನಿ. "ಇನ್ನೂರು" ಎಂದರೆ ಹಿಂದಿನಿಂದ ಗೋದಾಮಿನ ತಗಡು ನಡುಗುವಂತೆ, "ಹಾಜರ್ರೀ ಸರ!" ಮೊದಲ ದಿನ ಹುಡುಗರು ನಕ್ಕರು. ಮರುದಿನ ಯಾರೂ ನಗಲಿಲ್ಲ, ನಕ್ಕವರೆಲ್ಲ ಮುಂಜಾನೆ ಬೇವಿನ ಮರ ಸುತ್ತಿ ಬಂದಿದ್ದರು.

ಹಳಗನ್ನಡದಲ್ಲಿ ಗದೆ ಹಿಡಿದು ಹೊಡೆದಾಡುವ ಒಂದು ಪದ್ಯ ಕಲಿಸುತ್ತಿದ್ದಾಗ ಇನ್ನೂರನೆಯವರು ಎದ್ದು ನಿಂತರು. "ಸರ, ಟೊಂಕದ ಕೆಳಗ ಹೊಡದ್ರ ಫೌಲ್ ಅಲ್ಲೇನ್ರಿ? ಅಂಪೈರ್ ಏನ್ ಮಾಡಾಕತ್ತಿದ್ದ?"  

ಆ ವರ್ಷ ಹುಡುಗಿಯರ ಖೋ ಖೋ ತಂಡ ಕಟ್ಟಿದರು. ಚಡ್ಡಿ ಹಾಕಿಸಿದರೆ ಮರುದಿನ ಒಬ್ಬ ಹುಡುಗಿಯೂ ಕಾಲೇಜಿಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಹಾದೇವಿಯ ಸೋದರಮಾವನ ಮಗ್ಗದಿಂದ ಹನ್ನೆರಡು ಇಳಕಲ್ಲ ಸೀರೆ ಬಂದವು. ಹೊಲದಲ್ಲಿ ಕೆಲಸ ಮಾಡುವ ನಮ್ಮ ಅಜ್ಜಿಯರಂತೆ ಕಚ್ಚೆ ಹಾಕಿ, ಸೆರಗು ಬಿಗಿದು ಹುಡುಗಿಯರು ಬಾಗಲಕೋಟೆಯ ಮೈದಾನಕ್ಕೆ ಇಳಿದಾಗ ಎದುರಿನ ತಂಡ ಬಾಯಿ ಮುಚ್ಚಿಕೊಂಡು ನಕ್ಕಿತು. ಮಹಾದೇವಿ ಒಬ್ಬಳೇ ಅವರನ್ನು ಐದು ನಿಮಿಷ ಓಡಿಸಿದ ಮೇಲೆ ನಗು ನಿಂತಿತು. ಗೆದ್ದೆವು. ಪತ್ರಿಕೆಯಲ್ಲಿ ಚಿತ್ರ ಬಂತು. ಅಲ್ಲಿಂದ ನಮ್ಮದು ಸುತ್ತಲಿನವರ ಬಾಯಲ್ಲಿ ಸೀರಿ ಕಾಲೇಜು. ಪ್ರಿನ್ಸಿಪಾಲರು ಸಿಡಿಮಿಡಿಗೊಂಡರು. ಆದರೆ ಮುಂದಿನ ಜೂನ್‌ನಲ್ಲಿ ಹುಡುಗಿಯರನ್ನು ಕರೆದುಕೊಂಡು ತಾಯಂದಿರೇ ಬಂದು ಬಾಗಿಲಲ್ಲಿ ನಿಂತರು, ನಾವು ಹಳ್ಳಿಗೆ ಹೋಗುವುದೇ ತಪ್ಪಿತು. ಕಾಲೇಜಿನ ಹೆಸರಿಗೆ ತೂಕ ಬಂತು, ನನಗೂ ಬಂತು. "ಸೀರಿ ಕಾಲೇಜಿನ್ಯಾಗ ಅದಾರ" ಎಂಬ ಒಂದೇ ಮಾತಿನ ಮೇಲೆ ನನಗೆ ಕನ್ಯೆ ಸಿಕ್ಕಿತು.

ಹುದ್ದೆಯೂ ಬಂತು. ಚೇರಮನ್ನರು ಮಾತಿಗೆ ತಪ್ಪಲಿಲ್ಲ. ಆದರೆ ಸರಕಾರದ ಕಾಗದದಲ್ಲಿ ಎರಡು ಸಾಲು ಹೆಚ್ಚಿಗೆ ಇದ್ದವು: ಪದವಿ ಇರಬೇಕು, ವಯಸ್ಸು ಮೀರಿರಬಾರದು. ಚೇರಮನ್ನರು ಹುದ್ದೆಯನ್ನು ಖಾಲಿ ಇಟ್ಟು ಕಾದರು. ಮಾಸ್ತರು ಎಲ್ಲ ವಿಷಯದಲ್ಲಿ ಪಾಸಾದರು, ಕನ್ನಡ ಒಂದರಲ್ಲಿ ಎರಡು ಸಲ ಬಿದ್ದರು. ಪೇಪರು ನೋಡಿದವನು ನಾನಲ್ಲ, ಆದರೆ ಕಲಿಸಿದವನು ನಾನೇ. "ನಿಮ್ಮ ಹಳಗನ್ನಡದಾಗ ಓಡಾಕ ಜಾಗಾನ ಇಲ್ಲಲ್ರಿ ಸರ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ದಿನಾ ಮುಂಜಾನೆ ಮೈದಾನದ ಅಂಚಿನಲ್ಲಿ ಕೂಡಿಸಿಕೊಂಡು ಕಲಿಸಿದೆ. ಗುರುದಕ್ಷಿಣೆಯಾಗಿ ಅವರು ನನ್ನನ್ನು ಓಡಿಸಿದರು. ಮೂರನೆಯ ಸಲ ಅವರು ಪಾಸಾದರು, ನನ್ನ ಹೊಟ್ಟೆ ಇಳಿಯಿತು. ಆದರೆ ಅಷ್ಟರಲ್ಲಿ ವಯಸ್ಸಿನ ಗಡಿ ದಾಟಿ ಎಂಟು ತಿಂಗಳಾಗಿತ್ತು.

ಚೇರಮನ್ನರು ಅವರನ್ನು ಕರೆಸಿ, "ಕಾಯ್ದೆ ನನ್ನ ಕೈಯಾಗಿಲ್ಲೋ ಮಾಸ್ತರ" ಎಂದು ಕಣ್ಣೊರೆಸಿಕೊಂಡರಂತೆ. ನನಗೆ ಸಿಟ್ಟು ಬಂತು, ಕಾಯ್ದೆಯ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಇನ್ನಷ್ಟು ಚೆನ್ನಾಗಿ ಕಲಿಸಿದ್ದರೆ ಅವರು ಎರಡು ವರ್ಷ ಮೊದಲೇ ಪಾಸಾಗುತ್ತಿದ್ದರು. ಈ ಸಂಕಟ ಈಗಲೂ ಹೋಗಿಲ್ಲ. ಮಾಸ್ತರು ಮಾತ್ರ ಪತ್ರಿಕೆಯಿಂದ ಹುದ್ದೆಯ ಜಾಹೀರಾತು ಕತ್ತರಿಸಿಕೊಂಡು, ಖಣದ ಗಂಟು ಕಂಕುಳಲ್ಲಿಟ್ಟುಕೊಂಡು ನನ್ನ ಮನೆಗೆ ಬಂದರು. "ನಡ್ರಿ ಸರ, ಒಂದ ಅಡ್ಮಿಶನ್ ಐತಿ."

ಹೋದದ್ದು ಬನಶಂಕರಿಯ ಆಚೆಗಿನ ಅದೇ ಹಳ್ಳಿಗೆ. ಪೋಸ್ಟಿನಜ್ಜ ತೀರಿಕೊಂಡಿದ್ದರು. ಮಹಾದೇವಿ ಧಾರವಾಡದಲ್ಲಿ ದೈಹಿಕ ಶಿಕ್ಷಣದ ಪದವಿ ಮುಗಿಸಿ ಮನೆಯಲ್ಲಿದ್ದಳು. ಜಾಹೀರಾತು ನೋಡಿ ಅವಳ ಮುಖ ಕೆಂಪಾಯಿತು.

"ಅದು ನಿಮ್ಮ ಜಾಗಾರೀ ಸರ. ನಾ ಅರ್ಜಿ ಹಾಕಂಗಿಲ್ಲ. ಸತ್ರೂ ಹಾಕಂಗಿಲ್ಲ."

ಮಾಸ್ತರು ಗಂಟು ಬಿಚ್ಚಿದರು. ಖೋ ಖೋದಲ್ಲಿ ಅವಳ ತಂಡ ಸಾಲಾಗಿ ಮೂರು ವರ್ಷ ಗೆದ್ದು ಕಾಲೇಜಿಗೇ ಉಳಿಸಿದ ಢಾಲು ಅದು. "ಈ ಜಾಗಾ ಬೋರಮಾಳ ಇದ್ದಂಗ, ಎರವಲು ಹಾಕ್ಕೊಂಡಿದ್ನ್ಯವ್ವಾ. ಬೀಗರು ಒಪ್ಪಿದ್ರು, ಲಗ್ನ ಆತು. ಈಗ ತಿರುಗಿ ಕೊಡೂದು ಬ್ಯಾಡೇನು? ನೀ ಹಾಕಲಿಲ್ಲಂದ್ರ ಯಾವನೋ ಹೊರಗಿನಾವ ಬರ್ತಾನ. ಬಂದು ನಮ್ಮ ಹುಡುಗ್ಯಾರಿಗೆ ಚಡ್ಡಿ ಹಾಕಸ್ತಾನ. ಕಾಲೇಜು ಮುಚ್ಚತೈತಿ."

ಅವಳು ಅತ್ತಳು, ಆಮೇಲೆ ನಕ್ಕಳು, ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು.

ಮಾಸ್ತರಿಗೆ ಬೀಳ್ಕೊಡುಗೆ ಮಾಡೋಣವೆಂದು ನಾನು ಕೇಳಿದಾಗ, ಕಾಯಂ ಆಗದವರಿಗೆ ಸಮಾರಂಭ ಮಾಡಲು ಅವಕಾಶವಿಲ್ಲವೆಂದು ಪ್ರಿನ್ಸಿಪಾಲರು ಕಾಯ್ದೆ ಪುಸ್ತಕ ತೋರಿಸಿದರು. ಈ ಸಲ ಅದರಲ್ಲಿ ಬರೆದಿತ್ತು. ಮಹಾದೇವಿ ಕೆಲಸಕ್ಕೆ ಹಾಜರಾದ ಮೊದಲ ಮುಂಜಾನೆ ಮಾಸ್ತರು ಬಂದು ಸೀಟಿ ಅವಳ ಕೈಗಿಟ್ಟು, ಊರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬೇವಿನ ಮರದ ಕೆಳಗೆ ಚೀಲ ಇಟ್ಟುಕೊಂಡು ನಿಂತರು. ನಾನೂ ಪಕ್ಕದಲ್ಲಿದ್ದೆ. ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು. ಅವಳು ಹಾಜರಿ ಕರೆದಳು. ಎಲ್ಲ ಮುಗಿದ ಮೇಲೂ ಪುಸ್ತಕ ಮುಚ್ಚಲಿಲ್ಲ. ತಲೆ ಎತ್ತದೆ, ಗಟ್ಟಿಯಾಗಿ ಮತ್ತೊಮ್ಮೆ ಕರೆದಳು.

"ಇನ್ನೂರು!"

 ನನ್ನ ಪಕ್ಕದಲ್ಲಿ ಮಾಸ್ತರು ಕಡೆಯ ಬೆಂಚಿನಲ್ಲಿದ್ದಂತೆಯೇ ಕೈ ಕಟ್ಟಿ ನೆಟ್ಟಗಾದರು. 

"ಹಾಜರ್ರೀ ಮೇಡಂ."

"ತಡಾ ಆಗೇತಿ. ಒಂದ ರೌಂಡ ಹೊಡೀರಿ."

ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಮಾಸ್ತರು ಚೀಲವನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಬಿಳಿ ಬಳಿದ ಬೂಟಿನ ದಾರ ಬಿಗಿದುಕೊಂಡು ಓಡಿದರು. ಬೇವಿನ ಮರ ಸುತ್ತಿ, ಗೋದಾಮಿನ ಗೋಡೆ ದಾಟಿ, ತಾವೇ ಎಳೆದ ಗೆರೆಯ ಗುಂಟ ಓಡಿದರು. ಹೊಸ ಹುಡುಗರು ಏನು ನಡೆದಿದೆ ಎಂದು ತಿಳಿಯದೆ ಮಿಕಿ ಮಿಕಿ ನೋಡುತ್ತಿದ್ದರು. ನಾನು ಚೀಲ ಕೆಳಗಿಟ್ಟು ಚಪ್ಪಾಳೆ ಹೊಡೆಯತೊಡಗಿದೆ. ಕಾಲೇಜು ನಡೆಯಬೇಕಲ್ಲ.